ಜಿಡ್ಡು ಯಾರ ಕೈಯದು

ಉಸ್ಮಾನ್‌ಸಾಬ್‌ನ ಕೆಲಸ ಉಪ್ಪು ತಿಕ್ಕುವುದು. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಹದಿಮೂರು ವರ್ಷ ಅದನ್ನೇ ಮಾಡಿದ್ದ. ರಜೆಗೆ ಮಸ್ಕಿಗೆ ಬಂದಾಗ ಹೋಟೆಲಿನಲ್ಲಿ ಕೂತವರು ಬೇಕಂತಲೇ ಕೇಳುತ್ತಿದ್ದರು.

"ಏನ್ ಮಾಡ್ತೀಯೋ ಸಾಬಾ ಅಲ್ಲಿ?"

"ಉಪ್ಪು ತಿಕ್ತೀನಿ."

"ಉಪ್ಪು ತಿಂದವರನ್ನ ನೋಡೀವಿ. ತಿಕ್ಕಾವನ್ನ ನಿನ್ನೊಬ್ಬನ್ನೇ ನೋಡಿದ್ದು ಬಿಡು!"

ಅವನು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಆ ಪ್ರಯೋಗಾಲಯದಲ್ಲಿ ಒಂದು ಯಂತ್ರವಿತ್ತು. ಕಾದ ಕಬ್ಬಿಣದ ಹತ್ತಿರ ಹೋದರೆ ಮುಖಕ್ಕೆ ಝಳ ಹೊಡೆಯುತ್ತದಲ್ಲ, ಅಂಥ ಕಣ್ಣಿಗೆ ಕಾಣದ ಬೆಳಕನ್ನು ಅದು ವಸ್ತುವಿನ ಮೇಲೆ ಬಿಡುತ್ತಿತ್ತು. ಯಾವ ವಸ್ತುವಿನ ಅಣುಗಳೂ ಸುಮ್ಮನೆ ಕೂತಿರುವುದಿಲ್ಲ. ಸ್ಪ್ರಿಂಗು ಹಾಕಿ ಕಟ್ಟಿದಂತೆ ಅದುರುತ್ತಲೇ ಇರುತ್ತವೆ. ಎಣ್ಣೆಯ ಅದುರು ಬೇರೆ, ಮೇಣದ ಅದುರು ಬೇರೆ. ತನ್ನ ಅದುರಿಗೆ ಹೊಂದಿದ ಬೆಳಕನ್ನು ಅಣು ನುಂಗುತ್ತದೆ. ನುಂಗಿದ ಕಡೆ ಯಂತ್ರದ ಲೇಖನಿ ಕಾಗದದ ಮೇಲೆ ಕೆಳಕ್ಕೆ ಜಾರಿ ಹಲ್ಲಿನಂಥ ಗೆರೆ ಬರೆಯುತ್ತದೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿದಂತೆ, ತಿಳಿದವರು ಆ ಹಲ್ಲು ನೋಡಿ ಜಾತಿ ಹೇಳುತ್ತಾರೆ. ಆದರೆ ಸಾಮಾನ್ಯ ಗಾಜು ಈ ಬೆಳಕನ್ನು ತಾನೇ ನುಂಗಿಬಿಡುತ್ತದೆ. ಆದ್ದರಿಂದ ಯಂತ್ರಕ್ಕೆ ಉಪ್ಪಿನ ಹರಳಿನ ಕಿಟಕಿ. ಅದರ ಮೇಲೆ ಉಸಿರು ಬಿಟ್ಟರೂ ಮಬ್ಬು, ಬೆವರಿದ ಬೆರಳು ತಾಗಿದರೆ ಗುಳಿ. ಅದನ್ನು ಮತ್ತೆ ತಿಕ್ಕಿ ತಿಳಿ ಮಾಡುವ ಕೈ ಇಡೀ ಕಟ್ಟಡದಲ್ಲಿ ಒಂದೇ ಇತ್ತು. ಕಸ ಗುಡಿಸಲು ಸೇರಿಕೊಂಡಿದ್ದ ಉಸ್ಮಾನ್‌ಸಾಬ್‌ನದು.

ಆ ಕೈ ಬಂದದ್ದು ಅಪ್ಪನಿಂದ. ಗೌಸ್‌ಸಾಬ್ ಕಲಾಯಿಗಾರ. ಪಾಮನಕಲ್ಲೂರು, ತುರ್ವಿಹಾಳ, ಸಾಲಗುಂದ ಸುತ್ತಿ, ಬೇವಿನ ಮರದ ಕೆಳಗೆ ತಿದಿ ಹೂಡಿ, ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರ ಬಳಿಯುವವನು. ಮಗ ಉಸ್ಮಾನನಿಗೂ ಅವನಿಗಿಂತ ಆರು ವರ್ಷ ಸಣ್ಣವಳಾದ ಮಗಳು ಗುಲ್ಷನ್‌ಬೀಗೂ ಅವನು ಕಲಿಸಿದ್ದು ಒಂದೇ ಪಾಠ. ತಿಕ್ಕಿಟ್ಟ ಪಾತ್ರೆಯ ಒಳಮೈಗೆ ಬೆರಳು ತಾಗಿಸಿದವರಿಗೆ ಇಕ್ಕಳದ ಏಟು. "ಮೈ ಮುಟ್ಟಬ್ಯಾಡ್ರಿ. ನಿಮ್ಮ ಬೆರಳಿನ ಜಿಡ್ಡು ನಿಮಗ ಗೊತ್ತಾಗಂಗಿಲ್ಲ, ತವರಕ್ಕ ಗೊತ್ತಾಕ್ಕತಿ." ಸ್ಟೀಲಿನ ಪಾತ್ರೆ ಬಂದು ಕಲಾಯಿ ಸತ್ತಿತು, ಗೌಸ್‌ಸಾಬೂ ಹೋದ. ಮಗ ಹೈದರಾಬಾದ್ ಸೇರಿದ. ತುರ್ವಿಹಾಳಕ್ಕೆ ಮದುವೆಯಾಗಿ ಹೋದ ಮಗಳು ಕಾಲುವೆ ಕೆಲಸಕ್ಕೆ ಇಳಿದಳು.

ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಬೇಸಿಗೆ. ನೀರು ನಿಲ್ಲಿಸಿದ ತಿಂಗಳುಗಳಲ್ಲಿ ತುರ್ವಿಹಾಳದ ಹತ್ತಿರದ ಒಂದು ಉಪಕಾಲುವೆಯ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಸಿಮೆಂಟಿನ ಬಿಲ್ಲೆ ಕೂರಿಸುವ ಕೆಲಸ ಗುತ್ತಿಗೆ ಹೋಗಿತ್ತು. ನೀರು ಭೂಮಿಗೆ ಇಂಗಿ ಹೋಗಬಾರದೆಂದು ಹಾಳೆ. ಒಂದು ಹಾಳೆಯ ಅಂಚಿನ ಮೇಲೆ ಇನ್ನೊಂದರ ಅಂಚು ಗೇಣಷ್ಟು ಹೇರಿ, ನಡುವೆ ಬಿಸಿ ಡಾಂಬರು ಸವರಿ ಒತ್ತಬೇಕು. ಆರು ಹೆಂಗಸರ ಗುಂಪಿಗೆ ಆ ಕೆಲಸ, ಗುಲ್ಷನ್‌ಬೀ ಅವರ ಮೇಸ್ತ್ರಿ.

ಡಾಂಬರು ಕೈಗೆ ಅಂಟಿದರೆ ಚರ್ಮದ ಸಮೇತ ಏಳುತ್ತದೆ. ಕೈಚೀಲ ಕೊಡಿ ಎಂದರೆ ಗುತ್ತಿಗೆದಾರ ನಕ್ಕಿದ್ದ. ಹೆಂಗಸರು ತಮ್ಮ ದಾರಿ ತಾವೇ ಹುಡುಕಿಕೊಂಡರು. ಕೈಗೆ ಕುಸುಬಿ ಎಣ್ಣೆ ಸವರಿಕೊಂಡರೆ ಡಾಂಬರು ಅಂಟುವುದಿಲ್ಲ. ಆದರೆ ಅದೇ ಎಣ್ಣೆಗೈ ಹಾಳೆಯ ಅಂಚಿಗೆ ತಾಗಿದರೆ ಅಲ್ಲಿಯೂ ಡಾಂಬರು ಅಂಟುವುದಿಲ್ಲ. ಕಲಾಯಿಗಾರನ ಮಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಗುಂಪನ್ನು ಎರಡು ಮಾಡಿದಳು. ನಾಲ್ವರು ಎಣ್ಣೆಗೈ, ಇಬ್ಬರು ಒಣಗೈ. ಎಣ್ಣೆಗೈಯವರು ಡಾಂಬರಿನ ಡಬ್ಬಿ ಮತ್ತು ಕುಂಚ ಹಿಡಿಯಬೇಕು, ಹಾಳೆ ಮುಟ್ಟಕೂಡದು. ಒಣಗೈಯವರು ಹಾಳೆ ಎಳೆದು ಅಂಚು ಕೂಡಿಸಬೇಕು, ಡಾಂಬರು ಮುಟ್ಟಕೂಡದು. ಒಣಗೈಯವರಲ್ಲಿ ಒಬ್ಬಳು ಅವಳೇ. ಊಟಕ್ಕೆ ಕೂತರೆ ಎಣ್ಣೆಗೈಯ ಹೊನ್ನೂರಮ್ಮ ಗೊಣಗುವಳು, "ನಮ್ಮವ್ವ, ನಿಮ್ಮದೊಂದು ಹೊಸ ಮಡಿ ಬಂತಲ್ಲ! ಬ್ರಾಂಬ್ರ ಮನ್ಯಾಗೂ ಇಷ್ಟಿಲ್ಲ."

ಆ ಮಾರ್ಚಿನಲ್ಲಿ ಈ ಹೆಂಗಸರು ಹನ್ನೊಂದು ದಿನ ಕೆಲಸ ನಿಲ್ಲಿಸಿದ್ದರು. ಕುಡಿಯುವ ನೀರು ಬೇಕು, ಕೂಸು ಮಲಗಿಸಲು ನೆರಳು ಬೇಕು, ಅಷ್ಟೇ. ಗೆದ್ದರು. ಒಂದು ಚಪ್ಪರ, ಎರಡು ಹರವಿ ನೀರು ಬಂದವು. ಸೋತವನು ಮರೆಯಲಿಲ್ಲ.

ಮೇ ಮೊದಲ ವಾರ ಪರೀಕ್ಷೆಗೆಂದು ನೀರು ಬಿಟ್ಟರು. ಎರಡನೆಯ ದಿನ ಹಾಳೆಯ ಬೆಸುಗೆ ಮೂವತ್ತು ಮಾರು ಬಿಚ್ಚಿಕೊಂಡಿತು. ನೀರು ಹಾಳೆಯ ಕೆಳಗೆ ನುಗ್ಗಿ, ಬಿಲ್ಲೆಗಳು ಕುಸಿದು, ಏರಿ ಒಡೆಯಿತು. ಮರುದಿನವೇ ಗುತ್ತಿಗೆದಾರನ ದೂರು: ಮುಷ್ಕರದ ಸೇಡಿಗೆ ಹೆಂಗಸರು ಬೇಕಂತಲೇ ಬೆಸುಗೆಗೆ ಎಣ್ಣೆ ಬಳಿದಿದ್ದಾರೆ, ಇದು ಸರ್ಕಾರಿ ಆಸ್ತಿಯ ನಾಶ, ಮೊದಲ ಅಪರಾಧಿ ಗುಲ್ಷನ್‌ಬೀ. ಅವನ ಎಂಜಿನಿಯರು ಬಿಚ್ಚಿದ ಹಾಳೆಗೆ ಕಾಗದ ತಿಕ್ಕಿ, ಕಾಗದದ ಮೇಲೆ ಕಲೆ ತೋರಿಸಿ, ಒಂದು ಸಾಲಿನ ವರದಿ ಬರೆದ: 'ಹಾಳೆಯ ಮೇಲೆ ಜಿಡ್ಡು ಇದೆ.' ಯಾರ ಜಿಡ್ಡು ಎಂದು ಬರೆಯಲಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ. ಹೆಂಗಸರು ಕೈಗೆ ಎಣ್ಣೆ ಸವರಿಕೊಳ್ಳುವುದನ್ನು ಊರೆಲ್ಲ ಕಂಡಿತ್ತು.

ಲಿಂಗಸುಗೂರಿನ ಅಸಿಸ್ಟಂಟ್ ಕಮಿಷನರು ಮೇ ಇಪ್ಪತ್ತೆಂಟಕ್ಕೆ ವಿಚಾರಣೆ ಇಟ್ಟರು. ಅವರು 'ದುರುದ್ದೇಶ' ಎಂಬ ಒಂದು ಪದ ಬರೆದರೆ ಗುಲ್ಷನ್‌ಬೀ ಅಲ್ಲಿಂದಲೇ ಜೈಲಿಗೆ. ಕೂಲಿಕಾರರ ಸಂಘದವರು ಹೋಗಿ ಕೂಗಾಡಿದ್ದಕ್ಕೆ ಎ.ಸಿ. ಒಂದು ಅವಕಾಶ ಕೊಟ್ಟರು. ಬಿಚ್ಚಿದ ಹಾಳೆಯಲ್ಲಿ ಒಂದು ಮೊಳ ಪಂಚರ ಮುಂದೆ ಕತ್ತರಿಸಿ, ಮೂಲೆಗೆ ತೂತು ಹಾಕಿ, ತಂತಿ ಪೋಣಿಸಿ, ಸೀಸದ ಮುದ್ರೆ ಒತ್ತಿ ಹೆಂಗಸರಿಗೆ ಕೊಡಿಸಿದರು. ಎಲ್ಲಿ ಬೇಕಾದರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಬಿಚ್ಚಿದ ಮಿಕ್ಕ ಹಾಳೆಯನ್ನು ಗುತ್ತಿಗೆದಾರ ಎರಡೇ ದಿನದಲ್ಲಿ ಕಿತ್ತು ಸುಟ್ಟುಹಾಕಿದ. ಕಾಲುವೆಗೆ ಹಾಸಿದ್ದರಲ್ಲಿ ಉಳಿದದ್ದು ಆ ಒಂದು ಮೊಳ.

ಅದನ್ನು ಹೈದರಾಬಾದಿಗೆ ಒಯ್ದವನು ಸಂಘದ ದ್ಯಾವಪ್ಪ, ಉಸ್ಮಾನ್‌ಸಾಬ್‌ನ ಜೊತೆ ಮಸ್ಕಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವನು. ಆ ತಿಂಗಳು ದೇಶದ ರೈಲು ನೌಕರರೆಲ್ಲ ಮುಷ್ಕರ ಹೂಡಿದ್ದರು, ಗಾಡಿಗಳಿಲ್ಲ. ಸಿಂಧನೂರಿನಲ್ಲಿ ಅಕ್ಕಿ ಲಾರಿ ಹತ್ತಿ, ರಾಯಚೂರಿನಲ್ಲಿ ಬಸ್ಸಿನ ನೆತ್ತಿಯ ಮೇಲೆ ಕೂತು, ಇಪ್ಪತ್ತೊಂದನೆಯ ತಾರೀಖು ಮಂಗಳವಾರ ಮುಟ್ಟಿದ. ಪ್ರಯೋಗಾಲಯದ ಹಿಂದಿನ ಬಾಗಿಲಲ್ಲಿ ಗಂಟು ಬಿಚ್ಚಿದ.

ಉಸ್ಮಾನ್‌ಸಾಬ್ ಹಾಳೆಯನ್ನು ಮುದ್ರೆಯ ತಂತಿಯಿಂದಲೇ ಎತ್ತಿ ಹಿಡಿದು ಮೂಸಿದ.

"ಇದಕ್ಕ ಅಂಟವಾಳದ ವಾಸನಿ ಬರಾಕತ್ತೈತಿ."

"ಬರಲಾರ್ದ ಏನು?" ದ್ಯಾವಪ್ಪ ಹೆಮ್ಮೆಯಿಂದಲೇ ಹೇಳಿದ. "ಕೆಸರು ಹತ್ತಿತ್ತು. ನಿನ್ನ ತಂಗಿ ಅಂಟವಾಳದ ನೊರಿ ಹಾಕಿ, ಎರಡೂ ಮಗ್ಗಲು ತಿಕ್ಕಿ ತಿಕ್ಕಿ ತೊಳದು, ನೆಳ್ಳಾಗ ಒಣಗಿಸಿ ಮಡಚಿ ಕೊಟ್ಟಾಳ. ದೊಡ್ಡವರ ಕೈಯಾಗ ಹೊಲಸು ಕೊಡಬಾರದು ಅಂದ್ಳು."

ಉಸ್ಮಾನ್‌ಸಾಬ್ ಅಲ್ಲೇ ಮೆಟ್ಟಿಲ ಮೇಲೆ ಕೂತ.

"ಏನಾತೋ?"

"ಸಾಕ್ಷಿ ಇದ್ದದ್ದು ಆ ಹೊಲಸಿನಾಗ, ದ್ಯಾವಪ್ಪ. ಸಾಕ್ಷೀನ ತೊಳದು, ಹೆಣಕ್ಕ ಮುದ್ರಿ ಹಾಕಿ ಕಳಿಸೀರಿ."

ಗುಲ್ಷನ್‌ಬೀ ಮಾಡಿದ್ದು ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುವ ಕೆಲಸವೇ. ಸಾಲ ತಂದ ಚರಿಗೆಯನ್ನೂ ತೊಳೆದೇ ಹಿಂದಕ್ಕೆ ಕೊಡುವ ಜನ. ಮುದ್ರೆ ಹಾಕಿದ ಅಧಿಕಾರಿಗಳಿಗೂ ಹೊಳೆದಿರಲಿಲ್ಲ. ಅವರು ಹಾಳೆಗೆ ಮುದ್ರೆ ಹಾಕಿದ್ದರು, ಹಾಳೆಯ ಮೈಗೆ ಹಾಕಿರಲಿಲ್ಲ.

ಯಂತ್ರದ ಒಡೆಯರು ಡಾಕ್ಟರ್ ಸೋಮಯಾಜುಲು, ತೆಲುಗಿನವರು. ಕಡಿಮೆ ಮಾತಿನ, ಸಿಡುಕಿನ ಮನುಷ್ಯ. ಕೆಲಸದವರ ಜೊತೆ ಹೈದರಾಬಾದಿ ಉರ್ದುವಿನಲ್ಲೇ ಮಾತು. ಹದಿಮೂರು ವರ್ಷದಲ್ಲಿ ಉಸ್ಮಾನ್‌ಸಾಬ್ ಅವರನ್ನು ಏನೂ ಕೇಳಿರಲಿಲ್ಲ, ಅಂದು ಕೇಳಿದ. ಅವರು ಗಡಿಯಾರ ನೋಡಿ ಅರ್ಧ ಗಂಟೆ ಕೊಟ್ಟರು.

ಹಾಳೆಯ ಮೈಯನ್ನಷ್ಟೇ ನೋಡಲು ಅವರ ಹತ್ತಿರ ಒಂದು ಉಪಾಯವಿತ್ತು. ಕೆಂಪು ಛಾಯೆಯ ಒಂದು ಹರಳು. ಅದರ ಎರಡೂ ಮಗ್ಗುಲಿಗೆ ಹಾಳೆಯ ತುಂಡು ಒತ್ತಿ ಕೂರಿಸಿದರೆ, ಬೆಳಕು ಹರಳಿನೊಳಗೇ ಅತ್ತಿತ್ತ ಪುಟಿಯುತ್ತ ಹೋಗುತ್ತದೆ. ಪುಟಿದ ಕಡೆಯಲ್ಲೆಲ್ಲ ಹಾಳೆಯ ಚರ್ಮವನ್ನು ಒಂದಿಷ್ಟು ನೆಕ್ಕುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಒಂದು ಕೂದಲನ್ನು ಐವತ್ತು ಸೀಳು ಮಾಡಿದರೆ ಒಂದು ಸೀಳಿನ ದಪ್ಪ, ಅಷ್ಟೇ. ವಸ್ತುವಿನ ಹೊಟ್ಟೆಯೊಳಗೆ ಏನಿದೆ ಎಂದಲ್ಲ, ಮೈಮೇಲೆ ಏನಿದೆ ಎಂದು ಅದು ಹೇಳುತ್ತದೆ. ಅಂಟುವುದು ಬಿಡುವುದು ಎಲ್ಲ ಆ ಸೀಳಿನಲ್ಲೇ ತೀರ್ಮಾನ.

ಲೇಖನಿ ಓಡಿತು. ಪ್ಲಾಸ್ಟಿಕ್ಕಿನ ಸ್ವಂತ ಹಲ್ಲುಗಳು ಬಂದವು, ಬೇರೇನೂ ಬರಲಿಲ್ಲ. ತೊಳೆದ ಮೈ. ಎಣ್ಣೆಯೂ ಇಲ್ಲ, ಬೇರೆ ಜಿಡ್ಡೂ ಇಲ್ಲ.

"ಎಣ್ಣಿ ಇಲ್ಲ ಅಂತ ಬರದು ಕೊಡ್ರಿ ಮತ್ತ!" ದ್ಯಾವಪ್ಪ ಕುಣಿದ.

ಸೋಮಯಾಜುಲು ಅವನನ್ನು ನೋಡದೆ ಉಸ್ಮಾನ್‌ಸಾಬ್‌ಗೆ ಹೇಳಿದರು, "ತೊಳೆದದ್ದಕ್ಕೆ ಏನು ಅರ್ಥ? ಸಾಕ್ಷಿ ಅಳಿಸಿದರು ಅಂತ ಇನ್ನೊಂದು ಕೇಸು ಬೀಳುತ್ತದೆ." ಬಾಗಿಲ ತನಕ ಹೋದವರು ನಿಂತರು. "ನನ್ನ ಗುಮಾನಿ ಬೇರೆ. ಇದು ಕಾಲುವೆಗೆ ಮಾಡಿದ ಹಾಳೆಯಂತೆ ಕಾಣುವುದಿಲ್ಲ, ಗೊಬ್ಬರದ ಚೀಲಕ್ಕೆ ಮಾಡಿದ್ದು. ಚೀಲದ ಬಾಯಿ ಸಲೀಸಾಗಿ ಬಿಚ್ಚಲಿ ಅಂತ ಕಾರ್ಖಾನೆಯವರು ಅದರ ಪಾಕಕ್ಕೇ ಒಂದು ಮೇಣ ಬೆರೆಸುತ್ತಾರೆ. ಎಣ್ಣೆಯಂತೆ ಅದೂ ಡಾಂಬರು ಅಂಟಗೊಡುವುದಿಲ್ಲ. ತೊಳೆಯದೆ ತಂದಿದ್ದರೆ ಆ ಮೇಣ ಮೈಮೇಲೆ ಸಿಗುತ್ತಿತ್ತು." ಆ ಮೇಣದ ಹಲ್ಲುಗಳನ್ನು ಹಳೆಯ ಪುಸ್ತಕದಲ್ಲಿ ತೋರಿಸಿ ಹೋದರು. ಕಾಗದದ ಅಂಚಿನ ಅಳತೆಯಲ್ಲಿ ಎಣ್ಣೆಯ ಹಲ್ಲು ಸಾವಿರದ ಏಳುನೂರ ನಲವತ್ತರ ಗುರುತಿನ ಹತ್ತಿರ, ಮೇಣದ್ದು ಸಾವಿರದ ಆರುನೂರ ನಲವತ್ತರ ಹತ್ತಿರ. ಕಾಗದದ ಮೇಲೆ ಎರಡು ಬೆರಳಿನ ಅಂತರ. ಅಷ್ಟರಲ್ಲೇ ಗುಲ್ಷನ್‌ಬೀಯ ಜೈಲು.

ಅವರು ಹೋದ ಮೇಲೆ ದ್ಯಾವಪ್ಪ ಕಪಾಟಿನ ಕಡೆ ನೋಡಿದ.

"ಆ ಮೇಣ ಇಲ್ಲಿ ಐತೇನು?"

"ಐತಿ. ಸೀಸೆ ತುಂಬ ಐತಿ."

"ಕೀಲಿ?"

"ನನ್ನ ಹತ್ರ."

"ಮತ್ತೇನು ನೋಡ್ತೀಯಲೇ? ಒಂದೀಟು ಹಚ್ಚು! ಒಡಹುಟ್ಟಿದಾಕಿ ಜೈಲಿಗೆ ಹೊಂಟಾಳ, ನೀ ಇಲ್ಲಿ ಕೈ ಒರಸಕೊಂಡು ಕುಂತೀದಿ. ಇದ್ದ ಮೇಣಾನೇ ತಿರುಗಿ ಹಚ್ಚಿದರ ಸುಳ್ಳು ಹೆಂಗಾಕ್ಕತಿ?"

ಉಸ್ಮಾನ್‌ಸಾಬ್ ಕೀಲಿ ತೆಗೆದ. ಸೀಸೆ ಹೊರಗಿಟ್ಟ. ಬಿಳಿ ಪುಡಿ, ಬೆರಳಿಗೆ ಸಾಬೂನಿನಂತೆ ಜಾರುವಂಥದ್ದು. ಒಂದು ಚಿಟಿಕೆ ಸಾಕು, ಲೇಖನಿ ಬೇಕಾದ ಹಲ್ಲು ಬರೆಯುತ್ತದೆ. ಯಾರಿಗೂ ತಿಳಿಯುವುದಿಲ್ಲ. ಸೀಸೆಯ ಬಿರಡೆಗೆ ಕೈ ಹಾಕಿ ಎಷ್ಟೋ ಹೊತ್ತು ಹಾಗೇ ನಿಂತ. ಅವನೇನು ದೇವಮಾನವನಲ್ಲ. ಹಚ್ಚಬೇಕೆಂದೇ ತೆಗೆದದ್ದು ಎಂದು ಆಮೇಲೆ ಅವನೇ ನಮ್ಮ ಮುಂದೆ ಹೇಳಿದ.

"ಹಚ್ಚಬಹುದು," ಅಂದ ಕೊನೆಗೆ. "ಆದರ ಗುತ್ತಿಗೆದಾರನ ವಕೀಲ ಇನ್ನೊಂದು ಕಡೆ ಪರೀಕ್ಷಾ ಮಾಡಸ್ರಿ ಅಂದ್ರ? ಹೊರಗಿಂದ ಹಚ್ಚಿದ್ದು ಒಂದು ಸಲ ತೊಳದ್ರ ಹೋತು, ಮತ್ತ ಬರಂಗಿಲ್ಲ..."

ಅಂದವನು ತಾನಾಡಿದ ಮಾತಿಗೆ ತಾನೇ ಬೆಚ್ಚಿದಂತೆ ಹಾಳೆಯ ಕಡೆ ತಿರುಗಿದ.

"ಯಾಕೋ?"

"ಒಳಗಿದ್ದದ್ದಾದರ ಮತ್ತ ಬರತೈತಿ."

ಗೌಸ್‌ಸಾಬ್‌ನ ಕಾಲದಲ್ಲಿ ಕಲಬೆರಕೆ ಹಿತ್ತಾಳೆಯ ಪಾತ್ರೆ ಬಂದರೆ ಹೀಗೇ ಆಗುತ್ತಿತ್ತು. ಹುಣಸೆಹಣ್ಣು ಹಾಕಿ ಥಳಥಳ ತಿಕ್ಕಿಟ್ಟರೂ ಬೆಳಗಾಗುವುದರಲ್ಲಿ ಹಸಿರು ಕಿಲುಬು ಎದ್ದಿರುತ್ತಿತ್ತು. ಪಾತ್ರೆಯವರು ನಿನ್ನ ಕೈ ಸರಿಯಿಲ್ಲ ಎಂದು ಬೈದರೆ, ಅವನು ಮತ್ತೊಮ್ಮೆ ತಿಕ್ಕಿ, ಅವರ ಮನೆಯಲ್ಲೇ, ಅವರ ಕಣ್ಣ ಮುಂದೆಯೇ ಇಟ್ಟು ಹೋಗುತ್ತಿದ್ದ. ಮರುದಿನ ಅವರಿಗೇ ಗೊತ್ತಾಗುತ್ತಿತ್ತು, ಕಿಲುಬು ಕೈಯದಲ್ಲ, ಲೋಹದ್ದು ಎಂದು.

ಉಸ್ಮಾನ್‌ಸಾಬ್ ಸೀಸೆ ಒಳಗಿಟ್ಟು ಕೀಲಿ ಹಾಕಿದ. ಹಾಳೆಯಿಂದ ಎರಡು ಪಟ್ಟಿ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಎರಡು ಗಾಜಿನ ಭರಣಿಗಳಲ್ಲಿ ನೂಲಿನಿಂದ ತೂಗುಬಿಟ್ಟು ಬಿರಡೆ ಬಿಗಿದ. ಒಂದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟ. ಇನ್ನೊಂದನ್ನು ಉಪ್ಪಿನ ಹರಳು ಒಣಗಿಸುವ ಬೆಚ್ಚನೆಯ ಗೂಡಿನಲ್ಲಿಟ್ಟ. ಆ ಗೂಡಿನ ಶಾಖ ತುರ್ವಿಹಾಳದ ಮೇ ಬಿಸಿಲಿನಲ್ಲಿ ಕಾದ ಹಾಳೆಯ ಶಾಖದಷ್ಟೇ. ಸೋಮಯಾಜುಲು ಬಂದು ನೋಡಿದರು, ಬೈಯಲಿಲ್ಲ, ಭರಣಿಗಳ ಬಾಯಿಗೆ ಕಾಗದ ಅಂಟಿಸಿ ಮೇಲೆ ತಾವೇ ಸಹಿ ಹಾಕಿದರು. "ಶನಿವಾರ ಮಧ್ಯಾಹ್ನ ಯಂತ್ರ ಖಾಲಿ ಇದೆ" ಎಂದಷ್ಟೇ ಹೇಳಿದರು.

ನಾಲ್ಕು ದಿನ. ದ್ಯಾವಪ್ಪ ಪ್ರಯೋಗಾಲಯದ ಬೇಲಿಯ ಹೊರಗೆ ಬೀಡಿ ಸುಡುತ್ತ ಕೂತ. ಉಸ್ಮಾನ್‌ಸಾಬ್ ದಿನಾ ಗೂಡಿನ ಬಾಗಿಲ ತನಕ ಹೋಗಿ ತಿರುಗಿ ಬರುತ್ತಿದ್ದ. ಮೇಣ ಬಾರದಿದ್ದರೆ ಕೈಯಲ್ಲಿ ಏನೂ ಇರುವುದಿಲ್ಲ, ಸೀಸೆಗೆ ಕೈ ಹಾಕಲೂ ಹೊತ್ತಿರುವುದಿಲ್ಲ.

ಶನಿವಾರ ಸೋಮಯಾಜುಲು ತಮ್ಮ ಸಹಿಯ ಕಾಗದ ತಾವೇ ಹರಿದರು. ಮೊದಲು ತಣ್ಣನೆಯ ಪಟ್ಟಿ. ಲೇಖನಿ ಮಂಗಳವಾರದಂತೆಯೇ ಓಡಿತು, ಹೊಸದೇನಿಲ್ಲ. ಆಮೇಲೆ ಬೆಚ್ಚನೆಯದು. ಉಸ್ಮಾನ್‌ಸಾಬ್ ಅದನ್ನು ಹರಳಿಗೆ ಒತ್ತಿ ತಿರುಪು ಬಿಗಿದ.

ಲೇಖನಿ ಎಡಗಡೆಯಿಂದ ಹೊರಟಿತು. ಸ್ವಲ್ಪ ದೂರ ನೆಟ್ಟಗೆ ಹೋಯಿತು. ಒಂದು ಸಣ್ಣ ತಗ್ಗು. ಮತ್ತೆ ನೆಟ್ಟಗೆ. ಇನ್ನೊಂದು ಸಣ್ಣ ತಗ್ಗು. ಸೋಮಯಾಜುಲು ಕನ್ನಡಕ ಮೇಲೇರಿಸಿದರು. ಆ ಜೋಡಿ ತಗ್ಗು ಮೇಣದಲ್ಲಿ ಇರುವಂಥದ್ದೇ. ಆಮೇಲೆ ಪ್ಲಾಸ್ಟಿಕ್ಕಿನ ದೊಡ್ಡ ಹಲ್ಲು, ಲೇಖನಿ ತಳ ಮುಟ್ಟಿ ಎದ್ದಿತು. ಬಹಳ ಹೊತ್ತು ಖಾಲಿ ಬಯಲು. ಸಾವಿರದ ಎಂಟುನೂರು. ಸಾವಿರದ ಏಳುನೂರ ಐವತ್ತು. ಎಣ್ಣೆಯ ಜಾಗ. ಉಸ್ಮಾನ್‌ಸಾಬ್ ಕಣ್ಣು ಮುಚ್ಚಿದ. ಲೇಖನಿಯ ಸರಸರ ಮಾತ್ರ ಕೇಳಿಸುತ್ತಿತ್ತು. ತೆರೆದಾಗ ಅದು ಎಣ್ಣೆಯ ಗುರುತು ದಾಟಿ ನೆಟ್ಟಗೆ ಬಂದಿತ್ತು. ಇನ್ನೆರಡು ಬೆರಳು ಮುಂದೆ ಹೋದದ್ದೇ, ಬಾವಿಗೆ ಬಿಟ್ಟ ಕೊಡದಂತೆ ಇಳಿಯಿತು.

ಸಾವಿರದ ಆರುನೂರ ನಲವತ್ತು.

"ಬಂತೇನು?" ದ್ಯಾವಪ್ಪ ಕಿಟಕಿಯಿಂದ ಕೂಗಿದ.

ಉಸ್ಮಾನ್‌ಸಾಬ್ ಕಾಗದ ಹರಿದು ಕಿಟಕಿಗೆ ಹಿಡಿದು, ಆ ಹಲ್ಲಿನ ಮೇಲೆ ಬೆರಳಿಟ್ಟು ತೋರಿಸಿದ.

ಸೋಮಯಾಜುಲು ಎರಡು ಪುಟ ಬರೆದು, ತಮ್ಮ ಹೆಸರಲ್ಲೇ ಸಹಿ ಮಾಡಿ ಕೊಟ್ಟರು. ಎಚ್ಚರಿಕೆಯನ್ನೂ ಕೊಟ್ಟರು. "ಹಾಳೆಗೆ ತನ್ನದೇ ಜಿಡ್ಡಿದೆ, ತೊಳೆದರೂ ಶಾಖಕ್ಕೆ ಒಳಗಿನಿಂದ ಮತ್ತೆ ಬರುತ್ತದೆ. ಇಷ್ಟು ನಾನು ಹೇಳಬಲ್ಲೆ. ಆ ದಿನ ನಿನ್ನ ತಂಗಿ ಎಣ್ಣೆ ಬಳಿಯಲಿಲ್ಲ ಅಂತ ಹೇಳಲಾರೆ. ಯಂತ್ರಕ್ಕೆ ಅದು ಗೊತ್ತಿಲ್ಲ."

ಆ ಮಾತು ಉಸ್ಮಾನ್‌ಸಾಬ್‌ನ ತಲೆಯಲ್ಲಿ ಲಿಂಗಸುಗೂರಿನ ತನಕ ಕೊರೆಯಿತು. ಎ.ಸಿ. ಕಚೇರಿಯ ಮುಂದೆ ಆರು ಹೆಂಗಸರು ಕೂತಿದ್ದರು, ಪೊಲೀಸ್ ಜೀಪೂ ನಿಂತಿತ್ತು. ಅವನು ತಂಗಿಯನ್ನು ಪಕ್ಕಕ್ಕೆ ಕರೆದ.

"ಖರೇ ಹೇಳು ಗುಲ್ಷನ್. ಯಾರರ ಎಣ್ಣಿಗೈ ಹಾಳಿಗೆ ಹತ್ತಿತ್ತೇನು?"

"ಹತ್ತಿತ್ತು ಭಾಯ್." ಅವಳು ತಡವರಿಸಲಿಲ್ಲ. "ಹೊನ್ನೂರಮ್ಮ ಒಮ್ಮೆ ಕಾಲು ಜಾರಿ ಕೈ ಊರಿದ್ಲು. ಒಂದ ಕಡೆ. ನಾ ಒರಸಿ ಮತ್ತ ಕೂಡಿಸಿದೆ."

"ಒಳಗ ಕೇಳಿದ್ರ?"

"ಕೇಳಿದ್ರ ಹೇಳ್ತೀನಿ. ಬಚ್ಚಿಡಾಕ ಬರಂಗಿಲ್ಲ ನನಗ. ಹಾಳಿ ತೊಳದದ್ದಕ್ಕೇ ಇಷ್ಟು ಅನಾಹುತ ಆತು."

ಒಳಗೆ ರಾಯಚೂರಿನಿಂದ ಬಂದಿದ್ದ ಗುತ್ತಿಗೆದಾರನ ವಕೀಲ ಮೊದಲು ಕೈ ಹಾಕಿದ್ದು ಅದಕ್ಕೇ. ಹಾಳೆಯನ್ನು ತೊಳೆದದ್ದು ನಿಜವೇ? ನಿಜ. ಅವನು ಎ.ಸಿ.ಯವರ ಕಡೆ ತಿರುಗಿ, "ಸಾಕ್ಷ್ಯನಾಶ, ಸ್ವಾಮಿ. ಬಾಯಿಬಿಟ್ಟು ಒಪ್ಪಿಕೊಂಡಳು" ಎಂದ.

ಎ.ಸಿ. ಮೈಸೂರು ಕಡೆಯ ಚಿಕ್ಕ ವಯಸ್ಸಿನವರು. "ಯಾಕಮ್ಮ ತೊಳೆದಿರಿ?" ಎಂದು ಕೇಳಿದರು.

"ನಿಮ್ಮಂಥವರ ಕೈಯಾಗ ಹೋಗೂದು ಐತಿ ಅಂತ ತೊಳದೆ ರೀ. ಕೆಸರಿತ್ತು."

ಯಾರೋ ನಕ್ಕರು. ವಕೀಲ ನಗಲಿಲ್ಲ. "ಎಣ್ಣೆಗೈ ಹಾಳೆಗೆ ತಾಗಿತ್ತೋ ಇಲ್ಲವೋ?"

"ಒಮ್ಮೆ ತಾಗಿತ್ತು."

ಹೊನ್ನೂರಮ್ಮ ಬಾಗಿಲಲ್ಲೇ ತಲೆಯ ಮೇಲೆ ಕೈ ಹೊತ್ತಳು. ಬಾಗಿಲ ಬಳಿ ನಿಂತಿದ್ದ ಪೇದೆ ಟೋಪಿ ಸರಿಮಾಡಿಕೊಂಡ.

"ಒಂದು ಅಂಗೈ ಅಗಲ," ಗುಲ್ಷನ್‌ಬೀ ಮುಂದುವರಿಸಿದಳು. "ಬಿಚ್ಚಿದ್ದು ಮೂವತ್ತು ಮಾರು. ಹೊನ್ನೂರಮ್ಮನ ಅಂಗೈ ಅಷ್ಟು ದೊಡ್ಡದಿದ್ರ ಆಕೀನ್ನ ಕಾಲುವಿಗೆ ಅಡ್ಡ ಮಲಗಿಸಿದ್ರ ಸಾಕಿತ್ತು ರೀ, ಏರಿ ಒಡೀತಿರಲಿಲ್ಲ."

ವಕೀಲ ಸೋಮಯಾಜುಲು ಅವರ ಕಾಗದ ತೆಗೆದುಕೊಂಡ. ಅದರಲ್ಲಿ ಪ್ರಯೋಗಾಲಯದ ಮೊಹರಿಲ್ಲ. ತಂದವನು ಆರೋಪಿಯ ಅಣ್ಣ. "ನೀನು ಅಲ್ಲಿ ಯಾವ ಹುದ್ದೆ?"

"ನಾಲ್ಕನೇ ದರ್ಜೆ ನೌಕರ ರೀ."

"ವಿಜ್ಞಾನ ಎಲ್ಲಿಯವರೆಗೆ ಓದಿದ್ದೀ?"

"ಓದಿಲ್ಲ. ತಿಕ್ಕೀನಿ."

"ಮೇಣ ನೀನೇ ಹಚ್ಚಲಿಲ್ಲ ಅಂತ ಏನು ಭರವಸೆ?"

ಉಸ್ಮಾನ್‌ಸಾಬ್ ವಕೀಲನಿಗೆ ಉತ್ತರ ಕೊಡದೆ ಎ.ಸಿ.ಯವರ ಮೇಜಿನ ಹತ್ತಿರ ಹೋದ. "ಭರವಸೆ ಬ್ಯಾಡ್ರಿ ಸಾಹೇಬ್ರ. ನನ್ನ ಕಾಗದಾನೂ ಬ್ಯಾಡ. ಇವರ ಗೋದಾಮಿನಾಗ ಹಾಸಲಾರದ ಉಳದ ಅದೇ ಹಾಳಿ ಸುರುಳಿ ಇನ್ನೂ ಅದಾವ ಅಂತ ಈ ಹೆಣ್ಮಕ್ಕಳು ಹೇಳ್ತಾರ. ನಿಮ್ಮ ಮಂದಿ ತರಲಿ, ನಿಮ್ಮ ಮಂದಿ ತೊಳೀಲಿ. ನಮ್ಮ ಕೈ ಸೋಂಕೂದು ಬ್ಯಾಡ. ನಿಮ್ಮ ಕೋಣ್ಯಾಗ ತೂಗುಬಿಟ್ಟು ನೀವ ಕೀಲಿ ಹಾಕ್ರಿ. ನಾಲ್ಕು ದಿನ ಬಿಟ್ಟು ನಿಮ್ಮ ಬೆರಳಿಂದ ನೀವ ನೋಡ್ರಿ. ಜಿಡ್ಡು ಬರಲಿಲ್ಲ ಅಂದ್ರ ಆಕಿ ಜೋಡಿ ನನ್ನನ್ನೂ ಒಯ್ರಿ."

ವಕೀಲ ಎದ್ದು ಆಕ್ಷೇಪಣೆ ಹೇಳುವಷ್ಟರಲ್ಲಿ ಎ.ಸಿ. ಗುಮಾಸ್ತನನ್ನು ಕರೆದಾಗಿತ್ತು. ಆ ಮಧ್ಯಾಹ್ನವೇ ಸಿಂಧನೂರಿನ ಗೋದಾಮಿನಿಂದ ಹಾಳೆ ಬಂತು. ಕಚೇರಿಯ ಜವಾನ ತೊಳೆದ, ಎ.ಸಿ. ನಿಂತು ನೋಡಿದರು. ಕಡತದ ಕೋಣೆಯಲ್ಲಿ ತಂತಿಗೆ ತೂಗುಹಾಕಿ ಕೀಲಿ ಜೇಬಿಗೆ ಹಾಕಿಕೊಂಡರು. ಶನಿವಾರದವರೆಗೆ ವಿಚಾರಣೆ ಮುಂದಕ್ಕೆ.

ಆ ನಾಲ್ಕು ದಿನ ಹೆಂಗಸರು ಲಿಂಗಸುಗೂರು ಬಿಟ್ಟು ಕದಲಲಿಲ್ಲ. ನಮ್ಮಲ್ಲೇ ಕೆಲವರಿಗೆ ಉಸ್ಮಾನ್‌ಸಾಬ್ ಹುಚ್ಚು ಪಂಥ ಕಟ್ಟಿದ ಅನ್ನಿಸಿತ್ತು. ಬುಧವಾರ ಮೋಡ ಕವಿದು ತಂಪು ಗಾಳಿ ಬೀಸಿತು. ಊರಿಗೆ ಊರೇ ಹಾಯ್ ಎಂದಿತು. ಉಸ್ಮಾನ್‌ಸಾಬ್ ಒಬ್ಬನೇ ಮುಗಿಲು ನೋಡಿ ಬೈದ. ಶಾಖ ಇಲ್ಲದೆ ಮೇಣ ಮೇಲಕ್ಕೆ ಬರುವುದಿಲ್ಲ. ಪುಣ್ಯಕ್ಕೆ ಹನಿ ಬೀಳದೆ ಗುರುವಾರ ಮೋಡ ಚೆದುರಿತು. ಶುಕ್ರವಾರದ ಬಿಸಿಲಿಗೆ ಕಚೇರಿಯ ತಗಡಿನ ಮಾಡು ಕಟಕಟ ಎಂದಿತು.

ಶನಿವಾರ ಎ.ಸಿ. ಎಲ್ಲರ ಎದುರು ಕೀಲಿ ತೆಗೆದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಸಿದರು. ತೊಳೆದಾಗ ನೀರಿನಂತೆ ತಿಳಿಯಾಗಿದ್ದುದು ಈಗ ಹಾಲು ಒರೆಸಿದಂತೆ ಮಬ್ಬಾಗಿತ್ತು. ಅವರು ತೋರುಬೆರಳನ್ನು ಮೇಲಿಂದ ಕೆಳಕ್ಕೆ ಎಳೆದರು. ಹಾಳೆಯ ಮೇಲೆ ಒಂದು ತಿಳಿ ಗೆರೆ ಮೂಡಿತು. ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿಕೊಂಡರು.

"ಜಾರುತ್ತದೆ" ಎಂದರು.

"ಸ್ವಾಮಿ, ಇದು ಬಿಸಿಲಿನಿಂದ ಆದದ್ದು" ಎಂದ ವಕೀಲ.

"ಹೌದು. ಕಾಲುವೆ ಏನು ಊಟಿಯಲ್ಲಿದೆಯೇ?"

ಎ.ಸಿ. ಅಲ್ಲೇ ನಿಂತು ಗುಮಾಸ್ತನಿಗೆ ಹೇಳಿ ಬರೆಸಿದರು. ಜಿಡ್ಡು ಹಾಳೆಯದು. ಕೆಲಸಗಾರರ ದುರುದ್ದೇಶ ಕಂಡುಬಂದಿಲ್ಲ. ಚೀಲದ ಹಾಳೆ ಕಾಲುವೆಗೆ ಹೇಗೆ ಬಂತೆಂದು ಗುತ್ತಿಗೆದಾರ ಉತ್ತರ ಕೊಡಬೇಕು. ಗುಲ್ಷನ್‌ಬೀಯ ಮೇಲಿನ ದೂರು ವಜಾ. ಹೊರಗೆ ಜೀಪು ಚಾಲೂ ಆಗಿ ಖಾಲಿಯೇ ಹೋಯಿತು.

ಉಸ್ಮಾನ್‌ಸಾಬ್ ಗೋಡೆಗೆ ಒರಗಿದ. ಹೇಳದೆ ಕೇಳದೆ ಇಲ್ಲಿ ಉಳಿದ ದಿನಗಳಿಗೆ ಅವನು ಇನ್ನು ಹೈದರಾಬಾದಿನಲ್ಲಿ ಜವಾಬು ಕೊಡುವುದಿತ್ತು. ಗುಲ್ಷನ್‌ಬೀ ಮಾತ್ರ ಮೇಜಿನ ಮುಂದಿನಿಂದ ಸರಿಯಲಿಲ್ಲ.

"ಹಂಗಾದ್ರ ಸೋಮವಾರ ಕೆಲಸಕ್ಕ ಬರೂದೇನ್ರಿ ಸಾಹೇಬ್ರ?"

ಎ.ಸಿ. ಸಹಿ ಮಾಡುತ್ತಿದ್ದ ಲೇಖನಿ ನಿಲ್ಲಿಸಿದರು. "ಅದು... ಕೆಲಸಕ್ಕೆ ಯಾರನ್ನು ಇಟ್ಟುಕೊಳ್ಳುವುದು ಅನ್ನೋದು ಗುತ್ತಿಗೆದಾರರಿಗೆ ಬಿಟ್ಟದ್ದು, ಅಮ್ಮ. ಅದರಲ್ಲಿ ನಾನು ಬರುವುದಿಲ್ಲ."

ಗುತ್ತಿಗೆದಾರನ ಕಡೆಯವರು ಕಾಗದ ಮಡಚಿಕೊಂಡು, ಇವಳ ಕಡೆ ನೋಡದೆ ಹೊರಗೆ ಹೋದರು.

ಗುಲ್ಷನ್‌ಬೀ ಜಗುಲಿಗೆ ಬಂದಳು. ಐವರೂ ಎದ್ದು ನಿಂತು ಅವಳ ಮುಖ ನೋಡಿದರು.

"ಜೈಲಿಲ್ಲ," ಅಂದಳು. "ಕೆಲಸಾನೂ ಇಲ್ಲಂತ."

"ಮತ್ತೀಗ?" ಎಂದಳು ಹೊನ್ನೂರಮ್ಮ.

ಗುಲ್ಷನ್‌ಬೀ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎ.ಸಿ. ಕಚೇರಿಯ ಹೊಸ್ತಿಲಿಗೆ ಅಡ್ಡವಾಗಿ ಕೂತಳು. ಮಿಕ್ಕ ಐವರೂ ಒಬ್ಬೊಬ್ಬರಾಗಿ ಅವಳ ಪಕ್ಕಕ್ಕೆ ಕೂತರು.